ಕುದುರೆಯ ಗೊರಸಿನಡಿಯ ಪುತ್ಲಿ ಕೊಳೆಯುತ್ತಿದೆ, ಗೊರಸು ಉದುರುತ್ತಿದೆ: ಯಾವ ಔಷಧವನ್ನು ಆರಿಸಲಿ?

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮದು ಕಾಫಿ ತೋಟ. ಎರಡು ಕುದುರೆಗಳನ್ನು ಸಾಕಿದ್ದೇವೆ. ಒಂದು ಏಳು ವರ್ಷದ ಮಾರವಾಡಿ ಹೆಣ್ಣು, ಇನ್ನೊಂದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಗಂಡು. ಮಳೆ ಹಿಡಿದ ಮೇಲೆ ಹೆಣ್ಣು ಕುದುರೆಯ ಮುಂಗಾಲುಗಳ ಗೊರಸಿನಡಿಯಲ್ಲಿ ಕಪ್ಪು ಲೋಳೆ ಕಾಣಿಸಿಕೊಂಡಿದೆ, ವಾಸನೆ ತಡೆಯಲಾಗುತ್ತಿಲ್ಲ, ಆದರೆ ಕುಂಟುತ್ತಿಲ್ಲ. ಗಂಡಿನ ಗೊರಸಿನ ಅಂಚು ಚಕ್ಕೆ ಚಕ್ಕೆಯಾಗಿ ಉದುರಿ, ಲಾಳ ಎರಡು ಬಾರಿ ಕಳಚಿಹೋಯಿತು. ಔಷಧದಂಗಡಿಯವರು ಮೈಲುತುತ್ತ, ಪೊವಿಡೋನ್ ಅಯೋಡಿನ್, ಟಿಂಚರ್ ಅಯೋಡಿನ್, ಫಾರ್ಮಲಿನ್, ಗೊರಸಿನ ಎಣ್ಣೆ, ಬಯೋಟಿನ್ ಪುಡಿ, ಹೀಗೆ ಆರು ಬಗೆಯದನ್ನು ಮುಂದಿಟ್ಟರು. ತೋಟದ ಮೇಸ್ತ್ರಿಯವರು ಹಳೆಯ ಇಂಜಿನ್ ಆಯಿಲ್ ಬಳಿದರೆ ಸಾಕೆನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಗುಣವಾಗುವವರೆಗೆ ಸವಾರಿ ನಿಲ್ಲಿಸಬೇಕೇ?

ಉತ್ತರ: ನಿಮ್ಮ ಎರಡು ಕುದುರೆಗಳಿಗೆ ಬಂದಿರುವುದು ಎರಡು ಬೇರೆ ಬೇರೆ ತೊಂದರೆಗಳು. ಆದ್ದರಿಂದ ಎರಡಕ್ಕೂ ಒಂದೇ ಬಾಟಲಿ ಸಾಗುವುದಿಲ್ಲ. ನೀವು ಹೆಸರಿಸಿದ ಪಟ್ಟಿಯಲ್ಲಿ ಹೆಣ್ಣು ಕುದುರೆಗೆ ಇಂದೇ ಬೇಕಾದವು ಎರಡಿವೆ, ಗಂಡಿಗೆ ಮುಂದಿನ ವರ್ಷದ ದೃಷ್ಟಿಯಿಂದ ಉಪಯೋಗಕ್ಕೆ ಬರಬಹುದಾದದ್ದು ಒಂದಿದೆ, ಲಾಯದ ಬಾಗಿಲೊಳಗೆ ಬರಲೇಬಾರದಾದವೂ ಎರಡಿವೆ. ಯಾವುದು ಯಾವುದೆಂದು ಹೇಳುವ ಮೊದಲು, ಆರಿಸುವುದಕ್ಕೆ ನಾನು ಬಳಸುವ ಅಳತೆಗೋಲನ್ನು ನಿಮ್ಮ ಕೈಗೆ ಕೊಡುವುದು ಒಳ್ಳೆಯದು, ಏಕೆಂದರೆ ಮುಂದಿನ ಮಳೆಗಾಲದಲ್ಲಿ ಅಂಗಡಿಯವರು ಏಳನೆಯ ಬಾಟಲಿಯೊಂದನ್ನು ತೆಗೆದೇ ತೆಗೆಯುತ್ತಾರೆ.

ಗೊರಸಿನ ಹೊರಭಾಗ ನಮ್ಮ ಉಗುರಿನಂತೆ ಕೆರಾಟಿನ್‌ನಿಂದಾದ ಸತ್ತ ವಸ್ತು; ಅದರಲ್ಲಿ ರಕ್ತವೂ ಇಲ್ಲ, ನೋವೂ ಇಲ್ಲ. ಅದಕ್ಕೆ ತಾಗಿಕೊಂಡೇ ಒಳಗೆ ರಕ್ತ ತುಂಬಿದ, ಬಹಳ ನೋಯುವ ಜೀವಂತ ಪದರವಿದೆ, ಮತ್ತು ಹೊರಗಿನ ಗೊರಸನ್ನು ದಿನದಿನವೂ ಹುಟ್ಟಿಸುವುದು ಆ ಪದರವೇ. ಸತ್ತ ಭಾಗಕ್ಕೆ ತಕ್ಕ ಔಷಧ ಜೀವಂತ ಭಾಗಕ್ಕೆ ತಾಗಿದರೆ ಸುಡುತ್ತದೆ. ಸುಟ್ಟ ಪದರ ಮುಂದೆ ಹುಟ್ಟಿಸುವ ಗೊರಸೂ ಕಳಪೆಯಾಗುತ್ತದೆ. ಹಾಗಾಗಿ ಔಷಧ ಎಷ್ಟು ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಕೇಳುವುದಕ್ಕಿಂತ ಮೊದಲು, ಅದು ನನ್ನ ಕುದುರೆಯ ಗೊರಸಿನಲ್ಲಿ ಯಾವುದನ್ನು ಮುಟ್ಟಲಿದೆ ಎಂದು ಕೇಳಬೇಕು. ನಲವತ್ತು ವರ್ಷಗಳ ವೃತ್ತಿಯಲ್ಲಿ ನಾನು ನೋಡಿದ ಗೊರಸಿನ ಅನಾಹುತಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯನ್ನು ಕೇಳದೆ ಸುರಿದ ಔಷಧಗಳಿಂದಾದವೇ ಹೊರತು ಔಷಧವಿಲ್ಲದೆ ಆದವಲ್ಲ.

ಈಗ ಹೆಣ್ಣು ಕುದುರೆಯ ವಿಷಯ. ಗೊರಸನ್ನು ಎತ್ತಿ ನೋಡಿದರೆ ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುತ್ತಾ ಹೋಗುವ, ರಬ್ಬರಿನಂಥ ತ್ರಿಕೋನಾಕಾರದ ಭಾಗವೊಂದು ಕಾಣುತ್ತದೆ. ಇಂಗ್ಲಿಷಿನವರು ಅದಕ್ಕೆ ಯಾಕೋ ಕಪ್ಪೆಯ ಹೆಸರಿಟ್ಟು ಫ್ರಾಗ್ ಎಂದರು. ಲಾಳ ಕಟ್ಟುವ ನಾಲಬಂದರ ಬಾಯಲ್ಲಿ ಅದು ಪುತ್ಲಿ, ನನಗೂ ಅದೇ ರೂಢಿ. ಗೊರಸಿನ ಗೋಡೆಯಲ್ಲಿ, ಅಂದರೆ ಹೊರಸುತ್ತಿನ ಗಟ್ಟಿ ಭಾಗದಲ್ಲಿ, ನೀರಿನಂಶ ಸುಮಾರು ಕಾಲು ಪಾಲಿದ್ದರೆ ಪುತ್ಲಿಯಲ್ಲಿ ಅರ್ಧದಷ್ಟಿರುತ್ತದೆ. ಅದು ಮೆತ್ತಗಿರುವುದಕ್ಕೂ, ಕೆಸರಿನಲ್ಲಿ ಮೊದಲು ಕೊಳೆಯುವುದಕ್ಕೂ ಇದೇ ಕಾರಣ. ಪುತ್ಲಿಯ ಎರಡು ಪಕ್ಕಗಳಲ್ಲೂ ನಡುವೆಯೂ ಇರುವ ಸಂದುಗಳಲ್ಲಿ ಸಗಣಿ ಮತ್ತು ಕೆಸರು ಮೆತ್ತಿಕೊಂಡು ಗಾಳಿಯಾಡದಂತಾದಾಗ, ಗಾಳಿಯಿಲ್ಲದ ಕಡೆಯಲ್ಲೇ ಬೆಳೆಯುವ ಫ್ಯೂಸೊಬ್ಯಾಕ್ಟೀರಿಯಂ ಮೊದಲಾದ ಬ್ಯಾಕ್ಟೀರಿಯಾಗಳು ಪುತ್ಲಿಯನ್ನು ಕರಗಿಸತೊಡಗುತ್ತವೆ. ನೀವು ಬರೆದ ಕಪ್ಪು ಲೋಳೆಯೂ ದುರ್ವಾಸನೆಯೂ ಇದರ ಗುರುತು. ಈ ರೋಗವನ್ನು ಥ್ರಷ್ ಎನ್ನುತ್ತಾರೆ. ಹೆಸರು ದೊಡ್ಡದಲ್ಲ, ಆರಂಭದಲ್ಲಿ ರೋಗವೂ ದೊಡ್ಡದಲ್ಲ.

ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೀವೇ ನೋಡಿ ನಿರ್ಧರಿಸಬೇಕು, ಔಷಧದ ಆಯ್ಕೆ ನಿಂತಿರುವುದು ಅದರ ಮೇಲೆ. ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗ ಕುದುರೆಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ಗೊರಸಿನ ಮುಂತುದಿಯ ಕಡೆಗೆ ಎಳೆಯಿರಿ. ಹಿಂದುಮುಂದಾಗಿ ಎಳೆದರೆ ಕೊಕ್ಕೆಯ ಮೊನೆ ಪುತ್ಲಿಯ ಸಂದಿಗೆ ಚುಚ್ಚಿಕೊಳ್ಳುವ ಭಯವಿದೆ. ಕೆಸರು ಹೋದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿ, ಬಟ್ಟೆಯಿಂದ ಒರೆಸಿ. ಆರೋಗ್ಯವಾದ ಪುತ್ಲಿಯ ನಡುವಿನ ಸಂದು ಹಿಟ್ಟಿನ ಮುದ್ದೆಗೆ ಹೆಬ್ಬೆರಳು ಒತ್ತಿದಂತೆ ಅಗಲವಾಗಿ, ಆಳವಿಲ್ಲದೆ ಇರುತ್ತದೆ. ರೋಗ ಹಿಡಿದಾಗ ಅದೇ ಸಂದು ಇಕ್ಕಟ್ಟಾದ ಸೀಳಾಗಿ ಹಿಮ್ಮಡಿಯ ಎರಡು ಉಬ್ಬುಗಳ ನಡುವೆ ಮೇಲಕ್ಕೆ ಏರುತ್ತದೆ. ಹತ್ತಿ ಸುತ್ತಿದ ಬೆಂಕಿಕಡ್ಡಿಯ ಮೊಂಡ ತುದಿಯನ್ನು ಅದರೊಳಗೆ ಮೆಲ್ಲಗೆ ಇಳಿಸಿ. ಮೂರು ನಾಲ್ಕು ಮಿಲಿಮೀಟರ್‌ನಲ್ಲೇ ತಳ ಸಿಕ್ಕಿ, ಕುದುರೆ ಕಾಲು ಎಳೆದುಕೊಳ್ಳದಿದ್ದರೆ, ಕೊಳೆತ ಇನ್ನೂ ಸತ್ತ ಭಾಗದಲ್ಲಿದೆ. ಕಡ್ಡಿ ಒಂದು ಸೆಂಟಿಮೀಟರಿಗಿಂತ ಒಳಗೆ ಹೋದರೆ, ಹತ್ತಿಗೆ ರಕ್ತ ಅಂಟಿದರೆ, ಅಥವಾ ಕುದುರೆ ಬೆಚ್ಚಿ ಕಾಲು ಕಸಿದುಕೊಂಡರೆ ರೋಗ ಜೀವಂತ ಪದರವನ್ನು ಮುಟ್ಟಿದೆ ಎಂದೇ ತಿಳಿಯಬೇಕು. ಕುಂಟುತ್ತಿಲ್ಲ ಎಂಬುದು ಸಮಾಧಾನದ ವಿಷಯ, ಆದರೆ ಅದೊಂದನ್ನೇ ನಂಬಬೇಡಿ. ಎರಡೂ ಮುಂಗಾಲುಗಳು ಸಮನಾಗಿ ನೋಯುವ ಕುದುರೆ ಕುಂಟುವುದಿಲ್ಲ, ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳುತ್ತದೆ.

ಕೊಳೆತ ಮೇಲುಮೇಲೆ ಇದ್ದರೆ ಮೈಲುತುತ್ತವನ್ನು ಆರಿಸಿ. ಕಾಫಿ ತೋಟದವರಾದ ನಿಮಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ, ಬೋರ್ಡೋ ದ್ರಾವಣಕ್ಕೆ ತರುವ ತುತ್ತವೇ ಅದು. ಆದರೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನಲ್ಲ, ತುತ್ತವನ್ನು ಮಾತ್ರ, ಲೀಟರು ನೀರಿಗೆ 20ರಿಂದ 50 ಗ್ರಾಂ ಪ್ರಮಾಣದಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು. ಸಂದನ್ನು ತೊಳೆದು ಚೆನ್ನಾಗಿ ಒಣಗಿಸಿದ ಮೇಲೆ, ಈ ದ್ರಾವಣದಲ್ಲಿ ಅದ್ದಿ ಹಿಂಡಿದ ಗಾಜ್ ಪಟ್ಟಿಯನ್ನು ಸಂದಿನ ತಳದವರೆಗೂ ಹಗುರವಾಗಿ ತುರುಕಿ, ಮರುದಿನ ತೆಗೆದು ಹೊಸದನ್ನು ಇಡಿ. ಬಾಟಲಿಯಿಂದ ಸುರಿದ ಔಷಧ ಎರಡು ನಿಮಿಷದಲ್ಲಿ ನೆಲದ ಪಾಲಾಗುತ್ತದೆ, ಪಟ್ಟಿಯಲ್ಲಿ ಹಿಡಿದಿಟ್ಟದ್ದು ದಿನವಿಡೀ ಕೆಲಸ ಮಾಡುತ್ತದೆ. ಪಟ್ಟಿ ಇದ್ದಷ್ಟು ಹೊತ್ತು ಕೆಸರೂ ಒಳಗೆ ಸೇರುವುದಿಲ್ಲ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬಾರದು, ಅದರಲ್ಲಿರುವ ತಾಮ್ರ ಮೀನುಗಳಿಗೆ ವಿಷ. ತೋಟದಲ್ಲಿ ಕುರಿಗಳಿದ್ದರೆ ಅವುಗಳ ಬಾಯಿಗೂ ಸಿಗದಂತೆ ನೋಡಿಕೊಳ್ಳಿ.

ಕೊಳೆತ ಆಳಕ್ಕಿಳಿದು ಕೆಂಪಗೆ ಕಾಣುತ್ತಿದ್ದರೆ ಮೈಲುತುತ್ತವನ್ನು ಕೆಲವು ದಿನ ದೂರವಿಟ್ಟು ಪೊವಿಡೋನ್ ಅಯೋಡಿನ್‌ಗೆ ಹೋಗಬೇಕು. ಅಂಗಡಿಯಲ್ಲಿ ಸಿಗುವ ದ್ರಾವಣವನ್ನು ಹಾಗೆಯೇ ಸುರಿಯದೆ, ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು ಬಿಸಿಯಾರಿಸಿದ ನೀರು ಬೆರೆಸಿ ತೊಳೆಯಿರಿ, ಒಣಗಿಸಿ, ಅದರಲ್ಲೇ ಅದ್ದಿದ ಪಟ್ಟಿಯನ್ನು ಇಡಿ. ನಾಲ್ಕೈದು ದಿನಗಳಲ್ಲಿ ಕೆಂಪು ಮರೆಯಾಗಿ ತಳ ಗಟ್ಟಿಯಾಗತೊಡಗಿದ ಮೇಲೆ ಮೈಲುತುತ್ತಕ್ಕೆ ಮರಳಬಹುದು. ಟಿಂಚರ್ ಅಯೋಡಿನ್ ಹೆಸರಿನಲ್ಲಿ ಪೊವಿಡೋನ್‌ಗೆ ಅಣ್ಣತಮ್ಮನಂತೆ ಕಂಡರೂ ಸ್ಪಿರಿಟ್ಟಿನಲ್ಲಿ ಕರಗಿಸಿದ ಖಾರದ ಔಷಧ. ಗಟ್ಟಿಯಾದ ಅಂಗಾಲಿಗೆ ಅಪರೂಪಕ್ಕೆ ಹಚ್ಚಬಹುದು, ಹಸಿ ಸಂದಿಗೆ ಖಂಡಿತ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ನೊರೆಯೆಬ್ಬಿಸಿ ಸ್ವಚ್ಛವಾಯಿತೆಂಬ ತೃಪ್ತಿಯನ್ನೇನೋ ಕೊಡುತ್ತದೆ. ಆದರೆ ಗುಣವಾಗುತ್ತಿರುವ ಹೊಸ ಜೀವಕೋಶಗಳನ್ನೂ ಆ ನೊರೆಯಲ್ಲೇ ಕೊಚ್ಚಿಹಾಕುತ್ತದೆ. ದಿನದಿನದ ಬಳಕೆಗೆ ನಾನು ಅದನ್ನು ಹೇಳುವುದಿಲ್ಲ.

ಫಾರ್ಮಲಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಬೇಗ ಫಲ ಕೊಟ್ಟಂತೆ ಕಾಣುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಜಟಕಾ ಕುದುರೆಯೊಂದರ ಥ್ರಷ್‌ಗೆ, ಆಗ ಹಿರಿಯರು ಮಾಡುತ್ತಿದ್ದಂತೆ, ನಾನೇ ಫಾರ್ಮಲಿನ್ ಬರೆದುಕೊಟ್ಟಿದ್ದೆ. ಮೂರೇ ದಿನಗಳಲ್ಲಿ ವಾಸನೆ ನಿಂತಿತು, ಪುತ್ಲಿ ಒಣಗಿದ ಚರ್ಮದಂತೆ ಗಟ್ಟಿಯಾಯಿತು, ಗಾಡಿಯವನು ಕೈಮುಗಿದು ಹೋದ. ಮೂರು ವಾರ ಕಳೆದು ಅದೇ ಕುದುರೆ ಮುಂಗಾಲನ್ನು ನೆಲಕ್ಕೆ ಊರಲಾರದೆ ಬಂತು. ಗಟ್ಟಿಯಾದ ಹೊದಿಕೆಯನ್ನು ನಾಲಬಂದ ತೆಳ್ಳಗೆ ಕೆತ್ತಿದಾಗ ಅದರಡಿಯಿಂದ ಬೂದು ಬಣ್ಣದ ಕೀವು ಹರಿಯಿತು. ಔಷಧ ಮೇಲ್ಪದರವನ್ನು ಹದಮಾಡಿ ಮುಚ್ಚಳ ಹಾಕಿತ್ತು, ಗಾಳಿಯಿಲ್ಲದ ಜಾಗವನ್ನೇ ಬಯಸುವ ಬ್ಯಾಕ್ಟೀರಿಯಾಗಳಿಗೆ ಅಂಥ ಜಾಗವನ್ನು ನಾನೇ ಕಟ್ಟಿಕೊಟ್ಟಿದ್ದೆ. ಅಂದಿನಿಂದ ನಾನು ಅದನ್ನು ಮುಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದರಿಂದ, ಔಷಧ ಹಚ್ಚುವ ನಿಮ್ಮ ಸಹಾಯಕನ ಹಿತಕ್ಕಾಗಿಯಾದರೂ ಅದನ್ನು ಬಿಡಬೇಕು.

ಈ ಎಲ್ಲ ಔಷಧಗಳಿಗೂ ಮುಂಚೆ ಆಗಬೇಕಾದ ಕೆಲಸ ನಾಲಬಂದನದು. ಕಳಚಿ ಜೋತಾಡುವ ಪುತ್ಲಿಯ ಪದರಗಳನ್ನು ಅವನು ಚಾಕುವಿನಿಂದ ತೆಗೆದು, ಮುಚ್ಚಿಹೋದ ಸಂದುಗಳಿಗೆ ಗಾಳಿಯಾಡುವಂತೆ ಮಾಡಿದರೆ ರೋಗ ಅರ್ಧ ಹೋದಂತೆ. ಅವನು ಬರುವುದಕ್ಕೆ ತಡವಾದರೆ ನೀವೇ ಕೆತ್ತಲು ಹೋಗಬೇಡಿ. ತೊಳೆದು, ಒಣಗಿಸಿ, ಪಟ್ಟಿಯಿಡುವುದನ್ನು ಮುಂದುವರಿಸಿ. ಎರಡು ವಾರ ತಪ್ಪದೆ ಹೀಗೆ ಮಾಡಿಯೂ ವಾಸನೆ ಹೋಗದಿದ್ದರೆ, ಅಥವಾ ಪುತ್ಲಿಯಿಂದ ಹೂಕೋಸಿನಂಥ, ಮುಟ್ಟಿದರೆ ರಕ್ತ ಬರುವ ಬೆಳವಣಿಗೆ ಎದ್ದರೆ ಅದು ಥ್ರಷ್ ಅಲ್ಲ, ಕ್ಯಾಂಕರ್ ಎಂಬ ಬೇರೆಯೇ ರೋಗವಿರಬಹುದು. ಅದಕ್ಕೆ ಪಶುವೈದ್ಯರ ಚಾಕುವೇ ಬೇಕು.

ಲಾಯದ ನೆಲ ಹಸಿಯಾಗಿದ್ದರೆ ಮೇಲಿನ ಯಾವ ಔಷಧವೂ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಕಡೆ ಮಳೆಯನ್ನು ನಿಲ್ಲಿಸಲಾಗದು, ಆದರೆ ದಿನಕ್ಕೆ ಎಂಟು ಹತ್ತು ಗಂಟೆಯಾದರೂ ಗೊರಸು ಒಣ ನೆಲದ ಮೇಲಿರುವಂತೆ ಮಾಡಬಹುದು. ಗೊರಸಿಗೆ ಮಳೆನೀರಿಗಿಂತ ದೊಡ್ಡ ಶತ್ರು ಕುದುರೆಯ ಮೂತ್ರ. ಅದರಿಂದೇಳುವ ಅಮೋನಿಯಾ ಕೆರಾಟಿನ್ನಿನ ಕಟ್ಟನ್ನು ಸಡಿಲಿಸುತ್ತದೆ. ಲಾಯದಲ್ಲಿ ಕುದುರೆಯ ಎತ್ತರದಲ್ಲಲ್ಲ, ನೆಲದಿಂದ ಒಂದು ಗೇಣು ಮೇಲೆ ಮೂಗಿಟ್ಟು ನೋಡಿ. ಕಣ್ಣು ಉರಿದರೆ ಔಷಧಕ್ಕೆ ಕೊಡುವ ಹಣವನ್ನು ಮೊದಲು ನೆಲದ ಇಳಿಜಾರಿಗೂ ಮೋರಿಗೂ ಖರ್ಚು ಮಾಡಿ. ಭತ್ತದ ಹುಲ್ಲಿನ ಹಾಸು ತಳದಲ್ಲಿ ತೇವವನ್ನು ಹಿಡಿದುಕೊಂಡು ಮುದ್ದೆಗಟ್ಟುತ್ತದೆ. ಮರದ ಮಿಲ್ಲಿನ ಒಣ ಹೊಟ್ಟು ಅದಕ್ಕಿಂತ ಮೇಲು. ನೆಲಕ್ಕೆ ಸುಣ್ಣ ಚೆಲ್ಲುವ ರೂಢಿ ಹಲವೆಡೆ ಇದೆ. ಸುಟ್ಟ ಸುಣ್ಣ ಹಸಿ ಗೊರಸಿಗೆ ತಾಗಿದರೆ ಸುಡುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಬಯಲಲ್ಲಿ ಬಿಡುವುದಾದರೆ ನೀರಿನ ತೊಟ್ಟಿ ಮತ್ತು ಗೇಟಿನ ಸುತ್ತ, ಕುದುರೆಗಳು ಹೆಚ್ಚು ಹೊತ್ತು ನಿಲ್ಲುವ ಕಡೆಗೆ, ಎರಡು ಲೋಡು ಸಣ್ಣ ಜಲ್ಲಿ ಹಾಕಿಸಿ. ಅದರ ಮೇಲೆ ನಡೆಯುವುದರಿಂದ ಪುತ್ಲಿಗೆ ವ್ಯಾಯಾಮವೂ ಆಗುತ್ತದೆ.

ಗಂಡು ಕುದುರೆಯ ಕಥೆ ಬೇರೆ. ರೇಸಿನಿಂದ ಬಂದ ಥರೋಬ್ರೆಡ್‌ಗಳಲ್ಲಿ ಗೋಡೆ ತೆಳ್ಳಗೆ, ಅಂಗಾಲು ಚಪ್ಪಟೆ, ಹಿಮ್ಮಡಿ ತಗ್ಗಾಗಿರುವುದು ಸಾಮಾನ್ಯ. ಎಳೆಯ ವಯಸ್ಸಿನಿಂದ ಮೇಲಿಂದ ಮೇಲೆ ಲಾಳ ಬದಲಿಸಿದ ಮೊಳೆಯ ತೂತುಗಳೂ ಗೋಡೆಯನ್ನು ದುರ್ಬಲ ಮಾಡಿರುತ್ತವೆ. ಅಂಥ ಗೊರಸು ಹಗಲಿಡೀ ನೆನೆದು ರಾತ್ರಿ ಲಾಯದಲ್ಲಿ ಒಣಗಿ, ಮತ್ತೆ ನೆನೆದರೆ ಅಂಚು ಉದುರದೆ ಇನ್ನೇನಾದೀತು? ಮೊದಲು ಪರೀಕ್ಷಿಸಬೇಕಾದದ್ದು ಗೋಡೆಯೂ ಅಂಗಾಲೂ ಕೂಡುವ ಕಡೆ ಗೊರಸನ್ನು ಸುತ್ತುವರಿದಿರುವ ಹಳದಿ ಮಿಶ್ರಿತ ಬಿಳಿಗೆರೆಯನ್ನು. ಅದು ಗಟ್ಟಿಯಾಗಿ ಬಿಗಿಯಾಗಿದ್ದರೆ ತೊಂದರೆ ಅಂಚಿನದು ಮಾತ್ರ. ಅಲ್ಲಿ ಬೂದುಬಣ್ಣದ ಹಿಟ್ಟಿನಂಥ ಪುಡಿ ತುಂಬಿದ ಪೊಳ್ಳಿದ್ದು, ಗೋಡೆಯನ್ನು ಹೊರಗಿನಿಂದ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಬೇರೆ ಕಡೆಗಿಂತ ಟೊಳ್ಳು ಸದ್ದು ಬಂದರೆ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಗೋಡೆಯೊಳಗೆ ಸೇರಿವೆ. ಇದನ್ನು ವೈಟ್ ಲೈನ್ ಡಿಸೀಸ್ ಎನ್ನುತ್ತಾರೆ. ಅದಕ್ಕೂ ಚಿಕಿತ್ಸೆ ಬಾಟಲಿಯಲ್ಲಿಲ್ಲ. ಸಡಿಲವಾದ ಗೋಡೆಯನ್ನು ಗಟ್ಟಿ ಭಾಗ ಸಿಗುವವರೆಗೂ ಕತ್ತರಿಸಿ ತೆಗೆದು ಒಳಭಾಗವನ್ನು ಗಾಳಿಗೆ ತೆರೆಯುವುದೇ ಚಿಕಿತ್ಸೆ, ಮೈಲುತುತ್ತದ ದ್ರಾವಣ ಅದಕ್ಕೆ ಒತ್ತಾಸೆ ಅಷ್ಟೆ. ಪೊಳ್ಳನ್ನು ಮೇಣದಿಂದಲೋ ಎಪಾಕ್ಸಿಯಿಂದಲೋ ತುಂಬಿ ಅಂದಗೊಳಿಸುವವರಿದ್ದಾರೆ. ಒಳಗೆ ಸೋಂಕಿರುವಾಗ ತುಂಬುವುದೆಂದರೆ ನನ್ನ ಫಾರ್ಮಲಿನ್ನಿನ ತಪ್ಪನ್ನೇ ಬೇರೆ ವಸ್ತುವಿನಿಂದ ಮಾಡಿದಂತೆ.

ಬಿಳಿಗೆರೆ ಗಟ್ಟಿಯಿದ್ದರೆ ಗೊರಸು ಕತ್ತರಿಸುವ ಅವಧಿಯನ್ನು ಪರಿಶೀಲಿಸಿ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳವಿರುವ ಕುದುರೆಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಬರಿಗಾಲಿನದಕ್ಕೆ ಆರರಿಂದ ಎಂಟು ವಾರಕ್ಕೊಮ್ಮೆ ನಾಲಬಂದ ಬರಲೇಬೇಕು. ದೂರದ ಊರಿನಿಂದ ಬರಬೇಕಾದ ನಾಲಬಂದನನ್ನು ಒಂದೇ ಸಲ ಕರೆಸಿ ಖರ್ಚು ಉಳಿಸೋಣವೆಂದು ಹತ್ತು ಹನ್ನೆರಡು ವಾರ ಬಿಡುವುದು ಮಲೆನಾಡಿನ ತೋಟಗಳಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು. ಬೆಳೆದು ಹೊರಚಾಚಿದ ಅಂಚು ಪ್ರತಿ ಹೆಜ್ಜೆಗೂ ಸನ್ನೆಕೋಲಿನಂತೆ ಗೋಡೆಯನ್ನು ಹೊರಕ್ಕೆ ಮೀಟುತ್ತದೆ, ಮೊಳೆಯ ತೂತಿನಿಂದ ಚಕ್ಕೆ ಏಳುತ್ತದೆ, ಲಾಳ ಕೆಸರಿನಲ್ಲಿ ಕಳಚಿಕೊಳ್ಳುತ್ತದೆ. ಎರಡು ಬಾರಿ ಲಾಳ ಕಳೆದುಕೊಂಡ ಗೊರಸಿಗೆ ಮೂರನೆಯ ಬಾರಿ ಹೊಸ ತೂತು ಹೊಡೆಸುವ ಬದಲು, ಟಾರು ರಸ್ತೆಯ ಕೆಲಸ ಇಲ್ಲದಿದ್ದರೆ, ಮಳೆಗಾಲ ಮುಗಿಯುವವರೆಗೆ ಲಾಳ ತೆಗೆದೇ ಇಡುವುದನ್ನು ನಾನು ಒಪ್ಪುತ್ತೇನೆ. ಅಂಚನ್ನು ಅರದಿಂದ ದುಂಡಗೆ ಉಜ್ಜಿಸಿದರೆ ಚಕ್ಕೆ ಏಳುವುದು ಕಡಿಮೆಯಾಗುತ್ತದೆ. ಕಲ್ಲುದಾರಿಯಲ್ಲಿ ನಡೆಸಲೇಬೇಕಾದ ದಿನ ರಬ್ಬರಿನ ಗೊರಸುಬೂಟು ತೊಡಿಸಿ. ಲಾಯಕ್ಕೆ ಬಂದ ತಕ್ಷಣ ಬಿಚ್ಚಿ, ಇಲ್ಲದಿದ್ದರೆ ಒಳಗಿನ ತೇವದಿಂದ ಇದಕ್ಕೂ ಥ್ರಷ್ ಬಂದೀತು.

ಬಯೋಟಿನ್ ಎಂಬ ಜೀವಸತ್ವ ಗೊರಸನ್ನು ಗಟ್ಟಿ ಮಾಡುತ್ತದೆ ಎಂದು ಅಂಗಡಿಯವರು ಹೇಳಿದ್ದರೆ ಅದು ಸುಳ್ಳಲ್ಲ, ಆದರೆ ಅರ್ಧ ಮಾತು. 1995ರಲ್ಲಿ ಪ್ರಕಟವಾದ, ಲಿಪಿಜಾನರ್ ತಳಿಯ ಕುದುರೆಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಕೊಟ್ಟಾಗ ಗೊರಸಿನ ಗುಣಮಟ್ಟ ಸುಧಾರಿಸಿತು, ಆದರೆ ಅದು ಕಣ್ಣಿಗೆ ಕಾಣಲು ಒಂಬತ್ತು ತಿಂಗಳು ಹಿಡಿಯಿತು. ಬೆಳವಣಿಗೆಯ ವೇಗವೇನೂ ಹೆಚ್ಚಲಿಲ್ಲ. ಕಾರಣ ಸರಳ. ಗೊರಸು ಹುಟ್ಟುವುದು ಕೂದಲು ಮುಗಿಯುವ ಮೇಲಂಚಿನಲ್ಲಿ, ಅಲ್ಲಿಂದ ಅದು ಮುಂಭಾಗದಲ್ಲಿ ನೆಲ ಮುಟ್ಟಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಇಂದು ಉದುರುತ್ತಿರುವ ಅಂಚು ಹೋದ ವರ್ಷದ್ದು, ಅದರ ಮೇಲೆ ಇಂದಿನ ಪುಡಿ ಏನು ಮಾಡೀತು? ಕೊಡುವುದಾದರೆ ಒಂದು ವರ್ಷ ಬಿಡದೆ ಕೊಡಬೇಕು. ಎರಡು ಡಬ್ಬಿಗೆ ನಿಲ್ಲಿಸುವುದಾದರೆ ಆ ಹಣವನ್ನು ನಾಲಬಂದನ ಒಂದು ಹೆಚ್ಚಿನ ಭೇಟಿಗೆ ಕೊಡಿ. ಸತು, ತಾಮ್ರ ಮತ್ತು ಮೆಥಿಯೋನಿನ್ ಕೂಡ ಸೇರಿರುವ ಮಿಶ್ರಣವಾದರೆ ಬರಿಯ ಬಯೋಟಿನ್‌ಗಿಂತ ಉತ್ತಮ. ಸೆಲೆನಿಯಂ ಇರುವ ಎರಡು ಮೂರು ಬಗೆಯ ಟಾನಿಕ್ಕುಗಳನ್ನು ಮಾತ್ರ ಒಟ್ಟಿಗೆ ಕೊಡಬೇಡಿ, ಅದು ಮಿತಿಮೀರಿದರೆ ಗೊರಸೇ ಕಳಚಿಬೀಳುವುದುಂಟು.

ಮೇವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಯಿಸಿದ ಹುರುಳಿಗೆ ಗೋಧಿ ಬೂಸಾ ಬೆರೆಸಿ ಹಾಕುವುದು ನಮ್ಮ ನಾಡಿನ ಹಳೆಯ ಪದ್ಧತಿ. ಹುರುಳಿಯ ಮೇಲೆ ನನ್ನ ತಕರಾರಿಲ್ಲ, ಮಿತಿಯಲ್ಲಿದ್ದರೆ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು, ನೇಪಿಯರ್ ಹುಲ್ಲಿನ ಆಕ್ಸಲೇಟ್ ಇದ್ದಬದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎರಡನ್ನೂ ಮುಖ್ಯ ಆಹಾರ ಮಾಡಿದ ಕುದುರೆಯ ಮೂಳೆಗಳಿಗೇ ಪೆಟ್ಟು ಬೀಳುತ್ತದೆ. ಬೂಸಾವನ್ನು ದಿನಕ್ಕೆ ಒಂದೆರಡು ಹಿಡಿಗೆ ಇಳಿಸಿ, ಒಣಹುಲ್ಲು ಮತ್ತು ಕುದುರೆಮಸಾಲೆ ಸೊಪ್ಪನ್ನು ಹೆಚ್ಚಿಸಿ.

ಇನ್ನು ಎಣ್ಣೆಗಳು. ಅಂಗಡಿಯ ಗೊರಸಿನ ಎಣ್ಣೆ, ಹರಳೆಣ್ಣೆ, ಬೇವಿನೆಣ್ಣೆ ಯಾವುದೂ ಗೋಡೆಯೊಳಗೆ ಇಳಿದು ಪೋಷಿಸುವುದಿಲ್ಲ; ಹೊರಗೆ ಪೊರೆಯಂತೆ ನಿಲ್ಲುತ್ತವೆ. ಮಳೆಗಾಲದಲ್ಲಿ ಕೆಸರಿಗೆ ಬಿಡುವ ಮುಂಚೆ ಒಣಗಿದ ಗೋಡೆಗೆ ವಾರಕ್ಕೊಂದೆರಡು ಸಲ ತೆಳ್ಳಗೆ ಹಚ್ಚಿದರೆ ನೀರು ಹೀರುವುದನ್ನು ತುಸು ತಡೆಯುತ್ತವೆ. ನೆನೆದ ಗೊರಸಿಗೋ ಪುತ್ಲಿಗೋ ಹಚ್ಚಿದರೆ ತೇವವನ್ನೂ ಕ್ರಿಮಿಗಳನ್ನೂ ಒಳಗೆ ಮುಚ್ಚಿಟ್ಟಂತಾಗುತ್ತದೆ. ಕುದುರೆ ಹೊಳೆಯುತ್ತದೆ, ಮಾಲೀಕರಿಗೆ ಸಂತೋಷ. ಮೇಸ್ತ್ರಿಯವರ ಇಂಜಿನ್ ಆಯಿಲ್‌ಗೆ ಮಾತ್ರ ವಿನಯದಿಂದಲೇ ಇಲ್ಲವೆನ್ನಿ. ಸುಟ್ಟ ಆಯಿಲ್‌ನಲ್ಲಿ ಲೋಹದ ಕಣಗಳೂ ಚರ್ಮಕ್ಕೆ ಹಾನಿಮಾಡುವ ರಾಸಾಯನಿಕಗಳೂ ಇರುತ್ತವೆ, ಅದು ಗೊರಸಿನ ಮೇಲಂಚಿನ ಜೀವಂತ ಪಟ್ಟಿಗೆ ತಾಗದಂತೆ ಬಳಿಯುವುದು ಯಾರಿಂದಲೂ ಆಗದ ಕೆಲಸ.

ಮೂರು ಸಂದರ್ಭಗಳಲ್ಲಿ ಈ ಯಾವ ಔಷಧವನ್ನೂ ಹುಡುಕುತ್ತಾ ಕೂರಬಾರದು. ನಿನ್ನೆ ಸರಿಯಿದ್ದ ಕುದುರೆ ಇಂದು ಒಂದು ಕಾಲನ್ನು ನೆಲಕ್ಕೆ ಊರದಿದ್ದರೆ ಹೆಚ್ಚಾಗಿ ಅಂಗಾಲಿನೊಳಗೆ ಕೀವುಗಟ್ಟಿರುತ್ತದೆ. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯ ಎರಡು ಪಕ್ಕಗಳಲ್ಲಿ ಬೆರಳಿಟ್ಟರೆ, ಆರೋಗ್ಯವಾಗಿದ್ದಾಗ ಹುಡುಕಬೇಕಾದ ನಾಡಿ ಆಗ ತಾನಾಗಿಯೇ ಡಬಡಬನೆ ಬಡಿಯುತ್ತದೆ. ಇದನ್ನು ಇಂದೇ, ಎರಡೂ ಕುದುರೆಗಳಲ್ಲಿ, ಹಿಡಿದು ಕಲಿತಿಡಿ. ವೈದ್ಯರು ಕೀವಿಗೆ ದಾರಿ ಮಾಡಿಕೊಟ್ಟ ಮೇಲೆ ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ದಿನಕ್ಕೆರಡು ಸಲ ಕಾಲು ಗಂಟೆ ನೆನೆಸಿ, ಮಗುವಿನ ಡೈಪರ್ ಸುತ್ತಿ ಮೇಲೆ ಅಗಲದ ಟೇಪು ಹಾಕಿದರೆ ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಬೇಕಿಲ್ಲ. ಎರಡು ಮೂರು ದಿನಕ್ಕಿಂತ ಹೆಚ್ಚು ನೆನೆಸಿದರೆ ಮಾತ್ರ ಅಂಗಾಲು ಮೆತ್ತಗಾಗುತ್ತದೆ. ಎರಡನೆಯದು, ಪುತ್ಲಿಗೆ ಮೊಳೆ ಚುಚ್ಚಿದ್ದು. ಒಳಗಿನ ಕೀಲಿಗೆ ತಾಗಿದೆಯೇ ಎಂಬುದು ಎಕ್ಸ್-ರೇಯಲ್ಲಿ ಗೊತ್ತಾಗಬೇಕಾದ್ದರಿಂದ, ಮೊಳೆ ಇನ್ನೂ ಒಳಗಿಳಿಯದಂತೆ ಕಾಲನ್ನು ಕಾಪಾಡಲು ಸಾಧ್ಯವಿದ್ದರೆ ಅದನ್ನು ಕೀಳದೆ ವೈದ್ಯರನ್ನು ಕರೆಯಿರಿ. ಕೀಳಲೇಬೇಕಾಗಿ ಬಂದರೆ ಚುಚ್ಚಿದ ಜಾಗ, ಕೋನ, ಆಳವನ್ನು ಫೋಟೋ ತೆಗೆದಿಡಿ. ಕುದುರೆಗೆ ಧನುರ್ವಾಯು ಬಹಳ ಸುಲಭವಾಗಿ ತಗಲುವುದರಿಂದ ಎರಡೂ ಕುದುರೆಗಳ ಟೆಟನಸ್ ಲಸಿಕೆಯ ದಿನಾಂಕವನ್ನು ಈಗಲೇ ನೋಡಿಕೊಳ್ಳಿ.

ಮೂರನೆಯದು ಲ್ಯಾಮಿನೈಟಿಸ್. ಕುದುರೆ ಹುರುಳಿಯ ಚೀಲಕ್ಕೆ ಬಾಯಿ ಹಾಕಿದ ಮರುದಿನವೋ, ದೊಡ್ಡ ಜ್ವರದ ನಂತರವೋ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ತಿರುಗಲಾರದೆ ನಿಂತರೆ ಒಳಗಿನ ಮೂಳೆಯನ್ನು ಗೋಡೆಗೆ ಹಿಡಿದಿಟ್ಟಿರುವ ಪದರಗಳೇ ಸಡಿಲವಾಗುತ್ತಿವೆ ಎಂದರ್ಥ. ಅದನ್ನು ನಡೆಸಬೇಡಿ, ಕಾಳು ನಿಲ್ಲಿಸಿ, ಮೀನಿನಂಗಡಿಯ ಐಸಾದರೂ ಸರಿ, ತಂದು ನೀರಿಗೆ ಹಾಕಿ ಗೊರಸಿನಿಂದ ಮೊಳಕಾಲಿನ ಕೆಳಗಿನವರೆಗೆ ಮುಳುಗಿಸಿ, ವೈದ್ಯರು ಬರುವವರೆಗೂ ತಂಪು ಬಿಡಬೇಡಿ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆಮಾಡಬಹುದು. ಮುಂದಿನ ಪರೀಕ್ಷೆಗಳಿಗೆ ನಿಮಗೆ ಹತ್ತಿರದ್ದು ಹಾಸನದ ಪಶುವೈದ್ಯಕೀಯ ಕಾಲೇಜು. ನೋವು ನಿವಾರಕವನ್ನು ಅಂಗಡಿಯವರ ಮಾತಿನ ಮೇಲೆ ಕೊಡಬೇಡಿ. ಇಂಥ ನೋವು ನಿವಾರಕ ಕೊಟ್ಟಿದ್ದ, ಸತ್ತ ಜಾನುವಾರುಗಳನ್ನು ತಿಂದು ರಣಹದ್ದುಗಳ ಸಂತತಿ ಕುಸಿದದ್ದರಿಂದ ಪ್ರಾಣಿಗಳಿಗೆ ಡೈಕ್ಲೋಫೆನಾಕ್ 2006ರಲ್ಲಿ, ಕೀಟೊಪ್ರೊಫೇನ್ ಮತ್ತು ಅಸಿಕ್ಲೋಫೆನಾಕ್ 2023ರಲ್ಲಿ ನಿಷೇಧವಾಗಿವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸವಾರಿಯ ಬಗ್ಗೆ ಕೇಳಿದ್ದೀರಿ. ಹೆಣ್ಣು ಕುದುರೆಯ ಸಂದಿನ ತಳ ಗಟ್ಟಿಯಾಗಿದ್ದು ಕಡ್ಡಿಯ ಪರೀಕ್ಷೆಯಲ್ಲಿ ನೋವು ತೋರದಿದ್ದರೆ, ಒಣ ಗಟ್ಟಿ ದಾರಿಯಲ್ಲಿ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ನಡಿಗೆಯ ಸವಾರಿ ಮಾಡಬಹುದು, ಮಾಡಬೇಕು ಕೂಡ. ನಡೆಯುವಾಗ ಪುತ್ಲಿ ಅಗಲಿಸಿ ಕುಗ್ಗುವುದರಿಂದ ಸಂದಿನ ಕಸ ತಾನಾಗಿ ಹೊರಬೀಳುತ್ತದೆ. ನೋವು ತೋರಿದರೆ ಹತ್ತು ದಿನ ಲಗಾಮು ಗೂಟದಲ್ಲೇ ಇರಲಿ. ಗಂಡು ಕುದುರೆಗೆ ಲಾಳ ತೆಗೆಸಿದರೆ ಮೊದಲ ಮೂರು ನಾಲ್ಕು ವಾರ ಬೆನ್ನ ಮೇಲೆ ಯಾರೂ ಬೇಡ, ಕೈಯಲ್ಲಿ ಹಿಡಿದು ಮೆತ್ತನೆಯ ನೆಲದ ಮೇಲೆ ನಡೆಸಿ. ಅದರ ಗೊರಸಿನ ಮೇಲಂಚಿನ ಕೆಳಗೆ ಇಂದು ಅರದಿಂದ ತೆಳುವಾದ ಒಂದು ಗೆರೆ ಎಳೆಸಿ, ದಿನಾಂಕ ಬರೆದಿಟ್ಟುಕೊಳ್ಳಿ. ದಸರೆಯ ಹೊತ್ತಿಗೆ ಆ ಗೆರೆ ಎಷ್ಟು ಕೆಳಗಿಳಿದಿದೆ, ಅದರ ಮೇಲಿನ ಹೊಸ ಗೋಡೆ ಕೆಳಗಿನದಕ್ಕಿಂತ ನುಣುಪಾಗಿ ಬಂದಿದೆಯೇ ಎಂಬುದನ್ನು ನೋಡಿ, ಮತ್ತೆ ಲಾಳ ಹಾಕಿಸುವ ತೀರ್ಮಾನವನ್ನು ನಾಲಬಂದನ ಜೊತೆ ಕೂತು ಮಾಡಿ.